ಘಟಪ್ರಭೆಯ ಜಲಸೀಮೆಯೂ ಹಸ್ತಧಾರ್ಯ ಸ್ಥಾನಯಂತ್ರವೂ

೧. ವಿಷಯೋಪಕ್ರಮ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿಗೆ ಸೇರಿದ ಯಮಕನಮರಡಿಯು ಸಂಕೇಶ್ವರದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಇದರ ಸಮೀಪದಲ್ಲಿ ಘಟಪ್ರಭಾ ನದಿಗೆ ಹಿಡಕಲ್ಲಿನಲ್ಲಿ ಅಣೆಕಟ್ಟನ್ನು ಕಟ್ಟಿರುವುದರಿಂದ ವಿಸ್ತಾರವಾದ ಜಲಾಶಯವೊಂದು ಏರ್ಪಟ್ಟಿದೆ. ವಂಟಮುರಿಯ ಸರದೇಸಾಯಿಗಳಾಗಿದ್ದ ರಾಜಾ ಲಖಮಗೌಡರ ಹೆಸರನ್ನು ಹೊತ್ತಿರುವ ಈ ಜಲಾಶಯವು ೧೯೭೭ರಲ್ಲಿ ಪೂರ್ಣಗೊಂಡಿತು. ಇದರಲ್ಲಿ ಸುಮಾರು ೫೧ ಟಿ.ಎಂ.ಸಿ. ನೀರು ನಿಲ್ಲುತ್ತದೆ. ನೀರು ಏರಿದಂತೆ ದಡವು ಹಿಂದಕ್ಕೆ ಸರಿಯುತ್ತದೆ. ಇಳಿದಂತೆ ಮುಂದಕ್ಕೆ ಬರುತ್ತದೆ. ಹುನ್ನೂರಿನ ವಿಠ್ಠಲದೇವಾಲಯವು ಈ ನೀರಿನಲ್ಲಿ ಮುಳುಗಿದ್ದು, ಬೇಸಗೆಯಲ್ಲಿ ನೀರು ತಗ್ಗಿದಾಗ ಮತ್ತೆ ಕಣ್ಣಿಗೆ ಕಾಣುತ್ತದೆಂಬುದು ಆ ಸೀಮೆಯವರೆಲ್ಲರೂ ಬಲ್ಲ ಸಂಗತಿ.

ಇಂತಹ ಸೀಮೆಯಲ್ಲಿ ಒಂದು ಸ್ಥಳವನ್ನು ಗುರುತಿಸುವುದೆಂತು ಎಂಬ ಪ್ರಶ್ನೆಯು ಸಹಜವಾಗಿಯೇ ಹುಟ್ಟುತ್ತದೆ. ಬೇಸಗೆಯಲ್ಲಿ ಗುಡಿಯ ಮುಂದೆ ನಿಂತವನು ಗುಡಿಯನ್ನೇ ಗುರುತಾಗಿ ಹೇಳಬಹುದು. ಮಳೆಗಾಲ ಕಳೆದ ಮೇಲೆ ದೋಣಿಯಲ್ಲಿ ಬಂದವನಿಗೆ ಅದೇ ಸ್ಥಳದಲ್ಲಿ ನೀರಲ್ಲದೆ ಬೇರೊಂದು ತೋರದು. ಸ್ಥಳವು ಇದ್ದಲ್ಲಿಯೇ ಇದೆ. ಗುರುತು ಮಾತ್ರ ಅಳಿದಿದೆ. ಕಲ್ಲು, ಮರ, ಗೋಪುರಗಳನ್ನು ಅವಲಂಬಿಸದೆ ಅಂಕೆಗಳಿಂದಲೇ ಸ್ಥಳವನ್ನು ಹೇಳುವ ವಿದ್ಯೆಗೆ ಇಲ್ಲಿರುವಷ್ಟು ಪ್ರಯೋಜನವು ಬೇರೆ ಕಡೆಗಳಲ್ಲಿ ವಿರಳ.

ಈ ವಿದ್ಯೆಯ ಇತ್ತೀಚಿನ ಸಾಧನವೇ ಜಿ.ಪಿ.ಎಸ್. ಎಂದು ಪ್ರಸಿದ್ಧವಾಗಿರುವ, ಕೈಯಲ್ಲಿ ಹಿಡಿಯಬಹುದಾದ ಯಂತ್ರ. ಇದನ್ನು ಎರಡು ವಿನೋದಗಳಲ್ಲಿ ವಿಶೇಷವಾಗಿ ಬಳಸುತ್ತಾರೆ. ಮೊದಲನೆಯದು, ಒಬ್ಬನು ಬಚ್ಚಿಟ್ಟ ಪೆಟ್ಟಿಗೆಯನ್ನು ಅಕ್ಷಾಂಶ ರೇಖಾಂಶಗಳ ಸಹಾಯದಿಂದ ಮತ್ತೊಬ್ಬನು ಹುಡುಕುವ ಜಿಯೋಕ್ಯಾಶಿಂಗ್ ಎಂಬ ಆಟ. ಎರಡನೆಯದು, ಹುಟ್ಟುಹಾಕುವ ಸಣ್ಣ ದೋಣಿಗಳಲ್ಲಿ ಮಾಡುವ ಜಲವಿಹಾರ. ಈ ಎರಡಕ್ಕೂ ಒಪ್ಪುವ ಯಂತ್ರವನ್ನು ಆರಿಸುವಾಗ ಯಾವ ಗುಣವನ್ನು ಮುಖ್ಯವೆಂದು ಎಣಿಸಬೇಕು? ಸೂಕ್ಷ್ಮತೆಯೇ ಮುಖ್ಯವೆಂದು ಮಾರುವವರು ಹೇಳುವುದುಂಟು. ಆದರೆ ಸ್ಥಾನನಿರ್ಣಯದ ಚರಿತ್ರೆಯನ್ನು ಆದಿಯಿಂದ ಪರಿಶೀಲಿಸಿದರೆ ಬೇರೊಂದು ಉತ್ತರವು ದೊರೆಯುತ್ತದೆ. ಗಣಿತವು ಸರಿಯಾಗಿದ್ದಾಗಲೂ ಕಾಲಮಾನವು ಕೆಟ್ಟು, ಯಂತ್ರವು ಏಟುತಿಂದು, ಅಥವಾ ಅಂಕೆಯ ಮೂಲವಾವುದೆಂಬ ಸಂಕೇತವು ತಪ್ಪಿ ಸ್ಥಾನವು ಸಂದಿಗ್ಧವಾದ ಉದಾಹರಣೆಗಳು ಅನೇಕ. ಆಯ್ಕೆಯ ತತ್ತ್ವವನ್ನು ಈ ಚರಿತ್ರೆಯಿಂದಲೇ ಎತ್ತಿಕೊಳ್ಳುವುದು ಯುಕ್ತ.

೨. ಶಂಕು, ಘಟಿ, ಗ್ರಹಣ

ಭಾರತೀಯ ಜ್ಯೋತಿಷಿಕರು ಅಕ್ಷಾಂಶವನ್ನು ನೆರಳಿನಿಂದ ಸಾಧಿಸುತ್ತಿದ್ದರು. ಸಮತಲವಾದ ನೆಲದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟು, ವಿಷುವದ್ದಿನದ ಮಧ್ಯಾಹ್ನದಲ್ಲಿ ಅದರ ನೆರಳನ್ನು ಅಳೆಯುವುದು. ಆ ನೆರಳಿಗೆ ಪಲಭಾ ಎಂದು ಹೆಸರು. ಯಮಕನಮರಡಿಯ ಅಕ್ಷಾಂಶವು ಹದಿನಾರು ಅಂಶಗಳ ಆಸುಪಾಸಿನಲ್ಲಿರುವುದರಿಂದ ಅಲ್ಲಿಯ ಪಲಭೆಯು ಮೂರೂವರೆ ಅಂಗುಲಕ್ಕೆ ಕಿಂಚಿತ್ ಕಡಿಮೆಯಾಗಿ ಬರುತ್ತದೆ. ವಿಧಾನವು ನಿರ್ದುಷ್ಟವಾದುದು, ಆದರೆ ನೆರಳಿನ ಅಂಚು ಮಸುಕಾದುದು. ಅಳತೆಯಲ್ಲಿ ಅಂಗುಲದ ಹತ್ತನೆಯ ಒಂದು ಭಾಗ ತಪ್ಪಿದರೂ ಸ್ಥಾನವು ಉತ್ತರಕ್ಕೋ ದಕ್ಷಿಣಕ್ಕೋ ಸುಮಾರು ಐವತ್ತು ಕಿಲೋಮೀಟರು ಸರಿದುಹೋಗುತ್ತದೆ.

ರೇಖಾಂಶದ ಸಾಧನೆಯು ಇದಕ್ಕಿಂತ ಕಷ್ಟತರವಾದುದು. ಏಕೆಂದರೆ ಅದು ನೆರಳಿನ ಪ್ರಶ್ನೆಯಲ್ಲ, ಕಾಲದ ಪ್ರಶ್ನೆ. ಸೂರ್ಯಸಿದ್ಧಾಂತದಲ್ಲಿ ಲಂಕೆಯಿಂದ ಉಜ್ಜಯಿನಿ, ರೋಹೀತಕ, ಕುರುಕ್ಷೇತ್ರಗಳ ಮೂಲಕ ಹಾದುಹೋಗುವ ಮಧ್ಯರೇಖೆಯನ್ನು ಅಂಗೀಕರಿಸಿ, ಚಂದ್ರಗ್ರಹಣವು ಗಣಿತದಿಂದ ಬಂದ ಕಾಲಕ್ಕೂ ಸ್ವಸ್ಥಳದಲ್ಲಿ ಕಂಡ ಕಾಲಕ್ಕೂ ಇರುವ ಅಂತರದಿಂದ ದೇಶಾಂತರವನ್ನು ತಿಳಿಯಬೇಕೆಂದು ವಿಧಿಸಿದೆ. ಯಮಕನಮರಡಿಯು ಉಜ್ಜಯಿನಿಯ ಪಶ್ಚಿಮಕ್ಕೆ ಒಂದು ಅಂಶಕ್ಕಿಂತ ತುಸು ಹೆಚ್ಚು ದೂರದಲ್ಲಿದೆ. ಕಾಲದಲ್ಲಿ ಇದು ಸುಮಾರು ಹನ್ನೆರಡು ಪಲಗಳಾಗುತ್ತದೆ. ಒಂದು ಪಲವೆಂದರೆ ೨೪ ಸೆಕೆಂಡು. ಅಷ್ಟು ತಪ್ಪಿದರೆ ಈ ಅಕ್ಷಾಂಶದಲ್ಲಿ ಹತ್ತು ಕಿಲೋಮೀಟರುಗಳಿಗೂ ಮಿಕ್ಕ ವ್ಯತ್ಯಾಸವುಂಟಾಗುತ್ತದೆ.

ಆ ಕಾಲವನ್ನು ಅಳೆಯುತ್ತಿದ್ದುದು ಘಟಿಯಂತ್ರ. ತಳದಲ್ಲಿ ಸೂಕ್ಷ್ಮವಾದ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಇಪ್ಪತ್ತನಾಲ್ಕು ನಿಮಿಷಗಳಲ್ಲಿ ತುಂಬಿ ಮುಳುಗುತ್ತದೆ. ಅಹೋರಾತ್ರಕ್ಕೆ ಅರವತ್ತು ಮುಳುಗು. ರಂಧ್ರದಲ್ಲಿ ಕಸ ಸಿಕ್ಕಿದರೂ, ನೀರು ತಣ್ಣಗಾದರೂ, ಕಾಯುವವನು ತೂಕಡಿಸಿದರೂ ಲೆಕ್ಕವು ಕೆಡುತ್ತದೆ. ಪ್ರಾಚೀನರ ಕಾಲಯಂತ್ರವು ನೀರನ್ನು ಒಳಗೆ ಬಿಟ್ಟುಕೊಂಡು ಕೆಲಸಮಾಡುತ್ತಿತ್ತು. ಇಂದಿನ ಸ್ಥಾನಯಂತ್ರವು ನೀರನ್ನು ಹೊರಗೆ ತಡೆದು ಕೆಲಸಮಾಡಬೇಕಾಗಿದೆ. ಎರಡರಲ್ಲಿಯೂ ದೋಷವು ಪ್ರವೇಶಿಸುವ ದ್ವಾರ ಮಾತ್ರ ಒಂದೇ: ನೀರು ಹಾಯುವ ಸಣ್ಣ ಬಿರುಕು.

ಶಾಸನಗಳ ಕಾಲದ ವ್ಯವಹಾರದಲ್ಲಿಯಾದರೋ ಇಂತಹ ಗಣಿತವನ್ನು ಯಾರೂ ಅಪೇಕ್ಷಿಸಲಿಲ್ಲ. ದತ್ತಿಭೂಮಿಯನ್ನು ಗಳೆಯಿಂದ ಅಳೆದು, ಮತ್ತರು ಕಮ್ಮಗಳಲ್ಲಿ ಎಣಿಸಿ, ಮೂಡಲು ಹಳ್ಳ, ತೆಂಕಲು ನಟ್ಟಕಲ್ಲು, ಪಡುವಲು ಹುಣಿಸೆಯ ಮರ ಎಂಬೀ ರೀತಿಯಲ್ಲಿ ಚತುಸ್ಸೀಮೆಯನ್ನು ಬರೆಯುತ್ತಿದ್ದರು. ಒಂದೊಂದು ಪ್ರಾಂತಕ್ಕೆ ಒಂದೊಂದು ಗಳೆ ಇರುತ್ತಿದ್ದುದರಿಂದ ಯಾವ ಗಳೆಯಿಂದ ಅಳೆದರೆಂಬುದನ್ನೂ ಹಲವು ಶಾಸನಗಳಲ್ಲಿ ಹೆಸರಿಸಿದ್ದಾರೆ. ಅಳತೆಯೊಡನೆ ಅಳತೆಗೋಲಿನ ಹೆಸರನ್ನೂ ಬರೆಯಬೇಕೆಂಬ ಈ ವಿವೇಕವು ಮುಂದೆ ಪ್ರಕೃತಕ್ಕೆ ಬರುವುದಾಗಿದೆ. ಗುರುತುಗಳು ಉಳಿದಿರುವವರೆಗೆ ಈ ಪದ್ಧತಿಯು ಸಮರ್ಪಕ. ಹಳ್ಳವೂ ಕಲ್ಲೂ ಮರವೂ ಒಂದೇ ನೀರಿನಡಿ ಸೇರಿದ ಸೀಮೆಯಲ್ಲಿ ಅಂತಹ ಚತುಸ್ಸೀಮೆಯನ್ನು ಓದುವವನಿಗೆ ನೆಲವನ್ನು ತೋರಿಸುವವರಿಲ್ಲ.

೩. ಭೂಮಾಪನದ ಯುಗ

೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯ ಮಾಪನಕ್ಕಾಗಿ ಕಾಲಿನ್ ಮೆಕೆಂಜಿಯು ನಿಯೋಜಿತನಾದನು. ಅದೇ ಸಮಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ತ್ರಿಕೋಣಮಿತಿಯಿಂದ ದೇಶವನ್ನೇ ಅಳೆಯುವ ಯೋಜನೆಯನ್ನು ಮುಂದಿಟ್ಟು, ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಮಹಾತ್ರಿಕೋಣಮಾಪನವೆಂದು ಪ್ರಖ್ಯಾತವಾದ ಕಾರ್ಯವು ೧೮೦೨ರ ಏಪ್ರಿಲ್ ೧೦ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಆರಂಭವಾಯಿತು.

ಲ್ಯಾಂಬ್ಟನ್ನನು ಕೋನಗಳನ್ನು ಅಳೆಯಲು ತರಿಸಿದ ಥಿಯೊಡೊಲೈಟ್ ಯಂತ್ರವು ಅರ್ಧ ಟನ್ನಿನಷ್ಟು ಭಾರವಾಗಿದ್ದು, ಅದನ್ನು ಬೆಟ್ಟಗುಡ್ಡಗಳ ಮೇಲಕ್ಕೆ ಆಳುಗಳು ಹೊತ್ತು ಸಾಗಿಸಬೇಕಾಗಿತ್ತು. ೧೮೦೮ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುತ್ತಿರುವಾಗ ಹಗ್ಗವು ಹರಿದು ಯಂತ್ರವು ಗೋಪುರಕ್ಕೆ ಬಡಿದು ಡೊಂಕಾಯಿತು. ಆ ಕಾಲಕ್ಕೆ ಅದಕ್ಕಿಂತ ಸೂಕ್ಷ್ಮವಾದ ಯಂತ್ರವು ಈ ದೇಶದಲ್ಲಿ ಇರಲಿಲ್ಲ. ಹಾಗಿದ್ದರೂ ಒಂದು ಹಗ್ಗದ ದೌರ್ಬಲ್ಯದಿಂದ ಅದು ಕೆಲಸಕ್ಕೆ ಬಾರದಂತಾಗಿ, ಬಹು ಶ್ರಮದಿಂದ ಅದನ್ನು ಸರಿಪಡಿಸಬೇಕಾಯಿತು. ಯಂತ್ರದ ಶಕ್ತಿಯನ್ನು ಅದರ ಸೂಕ್ಷ್ಮತೆಯಿಂದಲೇ ಎಣಿಸಬಾರದು, ಅದನ್ನು ಹಿಡಿದಿರುವ ದಾರದಿಂದಲೂ ಎಣಿಸಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು.

ಈ ಮಾಪನದಿಂದ ಉಳಿದ ಇನ್ನೊಂದು ಪಾಠವು ಸಂಕೇತಕ್ಕೆ ಸಂಬಂಧಿಸಿದುದು. ಲ್ಯಾಂಬ್ಟನ್ನನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟನು ೧೮೩೦ರಲ್ಲಿ ಗಣಿಸಿದ ಭೂಗೋಳದ ಆಕಾರಮಾನವನ್ನು ಆಧರಿಸಿ ಭಾರತದ ನಕ್ಷೆಗಳು ಬಹುಕಾಲ ರಚಿತವಾದವು. ಜಿ.ಪಿ.ಎಸ್. ಯಂತ್ರವು ಬಳಸುವ ಮಾನವು ಬೇರೆ, ಅದಕ್ಕೆ ಡಬ್ಲ್ಯು.ಜಿ.ಎಸ್.೮೪ ಎಂದು ಹೆಸರು. ಎರಡು ಮಾನಗಳಲ್ಲಿಯೂ ಅಂಶ ಕಲೆ ವಿಕಲೆಗಳ ಅಂಕೆಗಳು ಒಂದೇ ಆಗಿದ್ದರೂ ನೆಲದ ಮೇಲೆ ಅವು ತೋರಿಸುವ ಸ್ಥಳಗಳಲ್ಲಿ ಕೆಲವು ನೂರು ಅಡಿಗಳ ಅಂತರವಿರುತ್ತದೆ. ೨೦೦೫ರ ರಾಷ್ಟ್ರೀಯ ನಕ್ಷಾನೀತಿಯ ಮೇರೆಗೆ ಸಾರ್ವಜನಿಕರ ಉಪಯೋಗಕ್ಕಾಗಿ ಸಿದ್ಧವಾದ ನಕ್ಷೆಗಳು ಹೊಸ ಮಾನವನ್ನು ಅನುಸರಿಸುತ್ತವೆ. ಹಳೆಯ ನಕ್ಷೆಯಿಂದ ಅಂಕೆಯನ್ನು ತೆಗೆದುಕೊಂಡು ಯಂತ್ರಕ್ಕೆ ಕೊಡುವವನು ಯಾವ ಗಳೆಯಿಂದ ಅಳೆದುದೆಂದು ಕೇಳದೆ ಹೊಲವನ್ನು ಕೊಂಡವನಂತೆಯೇ ಸರಿ.

೪. ಉಪಗ್ರಹಗಳ ಗಡಿಯಾರ

ಅಮೆರಿಕದ ಸೇನೆಯು ಜಿ.ಪಿ.ಎಸ್. ವ್ಯವಸ್ಥೆಯ ಪ್ರಥಮ ಉಪಗ್ರಹವನ್ನು ೧೯೭೮ರ ಫೆಬ್ರವರಿ ೨೨ರಂದು ಹಾರಿಸಿತು. ಇದರ ತತ್ತ್ವವು ಗ್ರಹಣದಿಂದ ದೇಶಾಂತರವನ್ನು ತಿಳಿಯುವ ತತ್ತ್ವಕ್ಕೆ ಸಮೀಪವಾದುದು. ಅಲ್ಲಿ ಆಕಾಶದ ಒಂದು ಸಂಗತಿಯನ್ನು ಎರಡು ಸ್ಥಳಗಳ ಕಾಲದೊಡನೆ ಹೋಲಿಸುತ್ತಾರೆ. ಇಲ್ಲಿ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಕಾಲವನ್ನು ರೇಡಿಯೋ ಅಲೆಗಳಲ್ಲಿ ಸಾರುತ್ತವೆ. ಅಲೆಯು ಹೊರಟ ಕಾಲಕ್ಕೂ ತಲುಪಿದ ಕಾಲಕ್ಕೂ ಇರುವ ಅಂತರದಿಂದ ದೂರವು ತಿಳಿಯುತ್ತದೆ. ಉದ್ದ, ಅಗಲ, ಎತ್ತರ ಎಂಬ ಮೂರು ಅಜ್ಞಾತಗಳ ಜೊತೆಗೆ ಕೈಯಲ್ಲಿರುವ ಯಂತ್ರದ ಗಡಿಯಾರದ ದೋಷವೂ ಅಜ್ಞಾತವಾದುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಘಟಿಯಂತ್ರದಲ್ಲಿ ಒಂದು ಪಲದ ದೋಷವು ಹತ್ತು ಕಿಲೋಮೀಟರಾದರೆ, ಇಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ದೋಷವು ಮುನ್ನೂರು ಮೀಟರಾಗುತ್ತದೆ. ಸ್ಥಾನದ ಪ್ರಶ್ನೆಯು ಕಾಲದ ಪ್ರಶ್ನೆಯೆಂಬುದು ಮಾತ್ರ ಬದಲಾಗಲಿಲ್ಲ.

೧೯೮೩ರ ಸೆಪ್ಟೆಂಬರ್ ೧ರಂದು ದಾರಿತಪ್ಪಿ ಸೋವಿಯೆತ್ ಆಕಾಶವನ್ನು ಹೊಕ್ಕ ಕೊರಿಯದ ವಿಮಾನವೊಂದನ್ನು ಹೊಡೆದುರುಳಿಸಿದುದರಿಂದ ೨೬೯ ಮಂದಿ ಮಡಿದರು. ಆ ಬಳಿಕ ಈ ವ್ಯವಸ್ಥೆಯು ಸಿದ್ಧವಾದಾಗ ಲೋಕದ ಜನಸಾಮಾನ್ಯರಿಗೂ ದೊರೆಯುವುದೆಂದು ಅಮೆರಿಕದ ಅಧ್ಯಕ್ಷ ರೇಗನ್ನರ ಸರ್ಕಾರವು ಸಾರಿತು. ೧೯೮೯ರಲ್ಲಿ ಮ್ಯಾಗೆಲನ್ ಸಂಸ್ಥೆಯ ನಾವ್ ೧೦೦೦ ಎಂಬ ಹಸ್ತಯಂತ್ರವು ಮಾರಾಟಕ್ಕೆ ಬಂದಿತು. ಇದರ ಬೆಲೆ ಸುಮಾರು ಮೂರು ಸಾವಿರ ಡಾಲರು. ೧೯೯೫ರಲ್ಲಿ ವ್ಯವಸ್ಥೆಯು ಪೂರ್ಣ ಕಾರ್ಯಸ್ಥಿತಿಗೆ ಬಂದಿತೆಂದು ಘೋಷಿತವಾಯಿತು.

ಆದರೆ ಜನಸಾಮಾನ್ಯರಿಗೆ ದೊರೆಯುತ್ತಿದ್ದ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿಯೇ ನೂರು ಮೀಟರಿನವರೆಗಿನ ದೋಷವನ್ನು ಬೆರೆಸುತ್ತಿದ್ದರು. ಈ ದೋಷವನ್ನು ೨೦೦೦ದ ಮೇ ೨ರಂದು ತೆಗೆದುಹಾಕಿದರು. ಮರುದಿನವೇ, ಮೇ ೩ರಂದು, ಡೇವ್ ಅಲ್ಮರ್ ಎಂಬಾತನು ಆರೆಗನ್ ಸಂಸ್ಥಾನದ ಬೀವರ್‌ಕ್ರೀಕ್ ಬಳಿ ಕಾಡಿನಲ್ಲಿ ಒಂದು ಪಾತ್ರೆಯನ್ನು ಇಟ್ಟು ಅದರ ಅಂಕೆಗಳನ್ನು ಪ್ರಕಟಿಸಿದನು. ಹುಡುಕಿದವನು ಅದರಲ್ಲಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕು, ಒಂದನ್ನು ತೆಗೆದುಕೊಂಡರೆ ಒಂದನ್ನು ಇಡಬೇಕು ಎಂಬುದು ನಿಯಮ. ಜಿಯೋಕ್ಯಾಶಿಂಗಿನ ಉತ್ಪತ್ತಿಯು ಇದು. ೧೮೫೪ರಲ್ಲಿಯೇ ಇಂಗ್ಲೆಂಡಿನ ಡಾರ್ಟ್‌ಮೂರಿನ ಕ್ರಾನ್ಮಿಯರ್ ಕೊಳದ ಬಳಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಕನು ಸಂದರ್ಶಕರ ಚೀಟಿಗಳಿಗಾಗಿ ಸೀಸೆಯೊಂದನ್ನು ಇಟ್ಟಿದ್ದನು. ಹೊಸ ಆಟಕ್ಕೆ ಅದು ಪೂರ್ವರೂಪ. ಹಿಂದಿನದು ಗುರುತುಗಳಿಂದ ಹುಡುಕುವ ಆಟ, ಇಂದಿನದು ಅಂಕೆಗಳಿಂದ ಹುಡುಕುವ ಆಟ.

೫. ಕರ್ನಾಟಕದ ಪಾತ್ರ

ಸ್ಥಾನಜ್ಞಾನವು ಪರರಾಷ್ಟ್ರದ ಇಚ್ಛೆಗೆ ಅಧೀನವಾಗಿರಬಾರದೆಂಬ ಅಭಿಪ್ರಾಯದಿಂದ ಭಾರತವು ತನ್ನದೇ ಆದ ವ್ಯವಸ್ಥೆಯನ್ನು ಕಟ್ಟಿತು. ಇದರ ಮೊದಲ ಉಪಗ್ರಹವು ೨೦೧೩ರ ಜುಲೈ ೧ರಂದೂ ಏಳನೆಯದು ೨೦೧೬ರ ಏಪ್ರಿಲ್ ೨೮ರಂದೂ ಹಾರಿದವು. ವ್ಯವಸ್ಥೆಗೆ ನಾವಿಕ್ ಎಂದು ಹೆಸರಾಯಿತು. ಇದರ ನಿಯಂತ್ರಣಕಾರ್ಯದಲ್ಲಿ ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಕೇಂದ್ರಕ್ಕೂ ಹಾಸನದ ಕೇಂದ್ರಕ್ಕೂ ಪ್ರಧಾನವಾದ ಸ್ಥಾನವಿದೆ. ಪ್ರಾಚೀನರು ಉಜ್ಜಯಿನಿಯ ಕಾಲವನ್ನು ಮೂಲವಾಗಿ ಹಿಡಿದಂತೆ ಈ ವ್ಯವಸ್ಥೆಯಲ್ಲಿ ಕನ್ನಡನಾಡಿನ ನೆಲದ ಮೇಲಿರುವ ಗಡಿಯಾರಗಳು ಆಧಾರವಾಗಿವೆ.

ಇಲ್ಲಿಯೂ ಕೆಟ್ಟುದು ಗಡಿಯಾರವೇ. ಮೊದಲನೆಯ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ವಿಫಲವಾದುವೆಂದು ೨೦೧೭ರಲ್ಲಿ ತಿಳಿದುಬಂದಿತು. ಬಳಿಕ ೨೦೨೩ರ ಮೇ ೨೯ರಂದು ಹಾರಿದ ಉಪಗ್ರಹದಲ್ಲಿ ಸ್ವದೇಶದಲ್ಲಿಯೇ ನಿರ್ಮಿತವಾದ ಗಡಿಯಾರವನ್ನು ಇರಿಸಿದರು. ಸಾಮಾನ್ಯ ಯಂತ್ರಗಳು ಗ್ರಹಿಸಲು ಸುಲಭವಾದ ಎಲ್೧ ಎಂಬ ತರಂಗವನ್ನು ನಾವಿಕ್ ವ್ಯವಸ್ಥೆಯಲ್ಲಿ ಮೊದಲು ಸೇರಿಸಿದುದೂ ಅದರಲ್ಲಿಯೇ. ೨೦೨೫ರ ಜನವರಿ ೨೯ರಂದು ಹಾರಿದ ಮುಂದಿನ ಉಪಗ್ರಹವು ಉದ್ದಿಷ್ಟ ಕಕ್ಷೆಯನ್ನು ಸೇರಲಿಲ್ಲ. ಆದುದರಿಂದ ಕೊಳ್ಳುವವನು ನಾವಿಕ್ ಇರುವ ಯಂತ್ರವನ್ನು ಆದರಿಸುವುದು ಯುಕ್ತವಾದರೂ, ಜಿ.ಪಿ.ಎಸ್., ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ ಮೊದಲಾದ ಹಲವು ವ್ಯವಸ್ಥೆಗಳನ್ನು ಏಕಕಾಲದಲ್ಲಿ ಗ್ರಹಿಸುವ ಯಂತ್ರವೇ ಶ್ರೇಯಸ್ಕರ. ಘಟಪ್ರಭೆಯು ಸುಮಾರು ೫೨ ಮೀಟರು ಧುಮುಕುವ ಗೋಕಾಕದ ಕಮರಿಯಂತಹ ಸ್ಥಳದಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುವುದರಿಂದ, ಆ ಪಟ್ಟಿಯಲ್ಲಿ ಹೆಚ್ಚು ಉಪಗ್ರಹಗಳಿದ್ದಷ್ಟೂ ಫಲವು ನಂಬಿಕೆಗೆ ಅರ್ಹವಾಗುತ್ತದೆ. ಬಂಡೆಗೆ ಬಡಿದು ಬರುವ ಅಲೆಯು ದೂರವನ್ನು ಹೆಚ್ಚಾಗಿ ತೋರಿಸುವುದರಿಂದ ಅಲ್ಲಿ ಯಾವ ಯಂತ್ರವನ್ನೂ ಪೂರ್ಣವಾಗಿ ನೆಚ್ಚಲಾಗದು.

೬. ಪೂರ್ವಪಕ್ಷ

ಇಷ್ಟೆಲ್ಲ ವಿಚಾರವೇಕೆ, ಪ್ರತಿಯೊಬ್ಬನ ಕೈಯಲ್ಲಿರುವ ಮೊಬೈಲ್ ದೂರವಾಣಿಯೇ ಸಾಲದೆ ಎಂದು ಆಕ್ಷೇಪಿಸಬಹುದು. ಅದರಲ್ಲಿಯೂ ಉಪಗ್ರಹಗಳ ಗ್ರಾಹಕವಿದೆ, ನಕ್ಷೆಗಳಿವೆ, ನೀರು ತಗಲಿದರೂ ಕೆಡುವುದಿಲ್ಲವೆಂದು ಹೇಳಿ ಮಾರುವುದೂ ಉಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಯಮಕನಮರಡಿಯ ಸುತ್ತಲಿನ ಗುಡ್ಡಗಳಲ್ಲಿ ನಡೆದಾಡಿ ಪೆಟ್ಟಿಗೆಯನ್ನು ಹುಡುಕುವವನಿಗೆ ದೂರವಾಣಿಯೇ ಸಾಕು. ಅದಕ್ಕಾಗಿ ಪ್ರತ್ಯೇಕ ಯಂತ್ರವನ್ನು ಕೊಳ್ಳುವುದು ವ್ಯರ್ಥವ್ಯಯ.

ನೀರಿನ ಮೇಲೆ ಸ್ಥಿತಿಯು ಬೇರೆಯಾಗುತ್ತದೆ. ಒದ್ದೆಗೈಯ ಸ್ಪರ್ಶವನ್ನೂ ನೀರಿನ ಹನಿಯನ್ನೂ ದೂರವಾಣಿಯ ಗಾಜು ಬೇರ್ಪಡಿಸಿ ತಿಳಿಯದು. ಬಿಸಿಲಿನಲ್ಲಿ ಅದರ ಪರದೆಯು ಮಂಕಾಗುತ್ತದೆ. ಪರದೆಯು ಸದಾ ಬೆಳಗುತ್ತಿದ್ದರೆ ವಿದ್ಯುತ್ತು ಶೀಘ್ರವಾಗಿ ತೀರುತ್ತದೆ. ಕೈಜಾರಿದರೆ ತೇಲದೆ ಮುಳುಗುತ್ತದೆ. ಮುಳುಗಿದಾಗ ದಾರಿ ತೋರುವ ಸಾಧನವೂ ನೆರವನ್ನು ಕರೆಯುವ ಸಾಧನವೂ ಒಮ್ಮೆಲೇ ಕೈಬಿಡುತ್ತವೆ. ಆದಕಾರಣ ದೂರವಾಣಿಯನ್ನು ನೀರು ಹೊಗದ ಚೀಲದಲ್ಲಿ ಆಪತ್ತಿಗೆಂದು ಇರಿಸಿ, ದಾರಿಗೆ ಬೇರೊಂದು ಯಂತ್ರವನ್ನು ಇರಿಸಿಕೊಳ್ಳುವುದೇ ಸಿದ್ಧಾಂತ.

೭. ಆಯ್ಕೆಯ ನಿಯಮಗಳು

ಜಲನಿರೋಧವನ್ನು ಸೂಚಿಸಲು ಐ.ಇ.ಸಿ. ೬೦೫೨೯ ಎಂಬ ಅಂತಾರಾಷ್ಟ್ರೀಯ ನಿಯಮದಂತೆ ಐಪಿ ಎಂಬ ಅಕ್ಷರಗಳನ್ನೂ ಅಂಕೆಗಳನ್ನೂ ಬಳಸುತ್ತಾರೆ. ಐಪಿಎಕ್ಸ್೭ ಎಂದಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಮೂವತ್ತು ನಿಮಿಷ ಮುಳುಗಿಸಿಟ್ಟರೂ ಬಾಧಕವಾಗುವಷ್ಟು ನೀರು ಒಳಹೊಗುವುದಿಲ್ಲವೆಂದು ಅರ್ಥ. ಎಕ್ಸ್ ಎಂಬುದು ಧೂಳಿನ ವಿಷಯದಲ್ಲಿ ಅಂಕೆಯನ್ನು ಕೊಟ್ಟಿಲ್ಲವೆಂಬುದನ್ನು ತಿಳಿಸುತ್ತದೆ. ಈ ಪರೀಕ್ಷೆಯು ನಿಂತ ನೀರಿನದು. ರಭಸದಿಂದ ಚಿಮ್ಮುವ ನೀರಿಗೆ ಪರೀಕ್ಷೆಯೇ ಬೇರೆ, ಅಂಕೆಯೇ ಬೇರೆ. ಮೇಲಾಗಿ ಪರೀಕ್ಷಿತವಾದುದು ಹೊಸ ಯಂತ್ರ. ರಬ್ಬರಿನ ಅಂಚು ವರ್ಷಗಳಲ್ಲಿ ಗಡುಸಾಗುತ್ತದೆ. ಬ್ಯಾಟರಿಯ ಮುಚ್ಚಳದಲ್ಲಿ ಒಂದು ಮರಳಿನ ಕಣ ಸಿಕ್ಕಿದರೂ ನೀರಿಗೆ ದಾರಿಯಾಗುತ್ತದೆ. ಬಿದಿರಿನ ಹರಿಗೋಲಿಗೆ ತೊಗಲನ್ನು ಹೊದಿಸುತ್ತಿದ್ದ ಅಂಬಿಗನು ಪ್ರತಿಸಾರಿಯೂ ಹೊಲಿಗೆಯನ್ನು ನೋಡಿಯೇ ನೀರಿಗಿಳಿಸುತ್ತಿದ್ದನು. ಯಂತ್ರದ ಒಡೆಯನಿಗೂ ಅದೇ ಕರ್ತವ್ಯ.

ಎರಡನೆಯ ಗುಣವು ತೇಲುವಿಕೆ. ನೀರು ಹೊಗದಿರುವುದು ಬೇರೆ, ನೀರಿನ ಮೇಲೆ ತೇಲುವುದು ಬೇರೆ. ಗಾರ್ಮಿನ್ ಸಂಸ್ಥೆಯ ಜಿಪಿಎಸ್‌ಮ್ಯಾಪ್ ೭೮ ಮತ್ತು ೨೦೧೯ರ ಜಿಪಿಎಸ್‌ಮ್ಯಾಪ್ ೮೬ ಎಂಬ ಮಾದರಿಗಳು ತೇಲುವಂತೆ ರಚಿತವಾದವು. ಅದೇ ಸಂಸ್ಥೆಯ ಇಟ್ರೆಕ್ಸ್ ೨೨ಎಕ್ಸ್ ಐಪಿಎಕ್ಸ್೭ ಪರೀಕ್ಷೆಯನ್ನು ಗೆದ್ದುದಾದರೂ ತೇಲದು. ಇದು ಹಗುರವಾದುದು, ಎಲ್ಲೆಡೆಯೂ ದೊರೆಯುವ ಎರಡು ಎಎ ಬ್ಯಾಟರಿಗಳಿಂದ ಸುಮಾರು ೨೫ ಗಂಟೆ ನಡೆಯುವಂಥದು. ನೆಲದ ಆಟಕ್ಕೆ ಇದರ ಯೋಗ್ಯತೆ ಹೆಚ್ಚು. ಹಿಡಕಲ್ಲಿನ ಆಳದಲ್ಲಿ ಮುಳುಗಿದ ಯಂತ್ರವು ಮೂವತ್ತು ನಿಮಿಷ ಕೆಡದೆ ಇದ್ದರೂ ಪ್ರಯೋಜನವಿಲ್ಲ. ಅದು ಮೇಲಕ್ಕೆ ಬರುವುದಿಲ್ಲ, ನೀರಿನಡಿಯಲ್ಲಿ ಉಪಗ್ರಹದ ಅಲೆಯೂ ತಲುಪುವುದಿಲ್ಲ. ತೇಲದ ಯಂತ್ರವನ್ನೇ ಕೊಂಡವನು ಅದಕ್ಕೆ ದಾರವನ್ನೂ ಬೆಂಡನ್ನೂ ಕಟ್ಟತಕ್ಕದ್ದು. ತಂಜಾವೂರಿನ ಹಗ್ಗದ ಪಾಠವು ಇಲ್ಲಿ ಅನ್ವಯಿಸುತ್ತದೆ.

ಮೂರನೆಯದಾಗಿ, ಪರದೆಯನ್ನು ಮುಟ್ಟುವ ಯಂತ್ರಕ್ಕಿಂತ ಗುಂಡಿಗಳನ್ನು ಒತ್ತುವ ಯಂತ್ರವು ದೋಣಿಗೆ ಒಳಿತು. ಒಂದು ಕೈಯಲ್ಲಿ ಹುಟ್ಟನ್ನು ಹಿಡಿದವನು ಮತ್ತೊಂದರ ಹೆಬ್ಬೆರಳಿನಿಂದ ಕೆಲಸ ನಡೆಸುವಂತಿರಬೇಕು. ನಾಲ್ಕನೆಯದಾಗಿ, ಅಪಾಯದ ಸ್ಥಳವನ್ನು ಮೊದಲೇ ಗುರುತಿಸಿಟ್ಟರೆ ಸಮೀಪಿಸಿದಾಗ ಎಚ್ಚರಿಸುವ ಅನುಕೂಲವು ಯಂತ್ರದಲ್ಲಿರಬೇಕು. ಘಟಪ್ರಭೆಯಲ್ಲಿ ಇದು ಅಲಂಕಾರವಲ್ಲ: ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಕಟ್ಟಿದ ಧೂಪದಾಳದ ಒಡ್ಡೂ ಅದರ ಕೆಳಗೆ ಗೋಕಾಕದ ಜಲಪಾತವೂ ಈ ನದಿಯಲ್ಲಿಯೇ ಇವೆ. ಆದರೂ ಅಣೆಕಟ್ಟಿನಿಂದ ನೀರನ್ನು ಯಾವಾಗ ಬಿಡುವರೆಂಬುದನ್ನು ಯಾವ ಉಪಗ್ರಹವೂ ತಿಳಿಸದು. ಅದನ್ನು ಅಧಿಕಾರಿಗಳಿಂದ ಅನುಮತಿ ಪಡೆಯುವಾಗಲೇ ಕೇಳಿ ತಿಳಿಯತಕ್ಕದ್ದು.

ಐದನೆಯದಾಗಿ, ಅಂಕೆಗಳನ್ನು ಬರೆಯುವ ಕ್ರಮವನ್ನೂ ಮೂಲಮಾನವನ್ನೂ ಯಂತ್ರದಲ್ಲಿ ಬದಲಿಸಲು ಬರಬೇಕು. ಜಿಯೋಕ್ಯಾಶಿಂಗಿನಲ್ಲಿ ಅಂಶಗಳನ್ನೂ ದಶಮಾಂಶಯುಕ್ತವಾದ ಕಲೆಗಳನ್ನೂ ಬರೆಯುತ್ತಾರೆ, ವಿಕಲೆಗಳನ್ನು ಬರೆಯುವುದಿಲ್ಲ. ೧೬ ಅಂಶ ೮.೫೦ ಕಲೆ ಎಂಬುದನ್ನು ೧೬ ಅಂಶ ೮ ಕಲೆ ೫೦ ವಿಕಲೆ ಎಂದು ಓದಿದರೆ ಸ್ಥಾನವು ಆರುನೂರು ಮೀಟರಿಗೂ ಹೆಚ್ಚು ತಪ್ಪುತ್ತದೆ. ಮೂರು ಮೀಟರಿನ ಸೂಕ್ಷ್ಮತೆಗಾಗಿ ಅಧಿಕ ಬೆಲೆಯನ್ನು ತೆತ್ತವನು ಒಂದು ಚುಕ್ಕೆಯನ್ನು ಅಲಕ್ಷಿಸಿ ಅದರ ಇನ್ನೂರರಷ್ಟನ್ನು ಕಳೆದುಕೊಳ್ಳುತ್ತಾನೆ.

ಕಡೆಯದಾಗಿ ವಿಧಿನಿಷೇಧಗಳು. ಉಪಗ್ರಹದ ಅಲೆಯನ್ನು ಗ್ರಹಿಸುವ ಯಂತ್ರವು ಬೇರೆ, ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸುವ ಯಂತ್ರವು ಬೇರೆ. ಎರಡನೆಯದನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹೊರದೇಶಗಳಿಂದ ಇಂತಹ ಯಂತ್ರವನ್ನು ತಂದು ವಿಮಾನನಿಲ್ದಾಣಗಳಲ್ಲಿ ತೊಂದರೆಗೆ ಸಿಕ್ಕಿದ ಪ್ರವಾಸಿಗಳುಂಟು. ಎರಡು ಗುಣಗಳನ್ನೂ ಕೂಡಿಸಿದ ಮಾದರಿಗಳು ಹೊರನೋಟಕ್ಕೆ ಒಂದೇ ಬಗೆಯಾಗಿ ತೋರುವುದರಿಂದ, ವಿದೇಶದಲ್ಲಿರುವ ಬಂಧುಗಳಿಂದ ತರಿಸುವವರು ಇದನ್ನು ಮೊದಲೇ ವಿಚಾರಿಸಬೇಕು. ಸ್ಥಳಮಾಪನದ ವಿಷಯದಲ್ಲಾದರೋ ೨೦೨೧ರ ಫೆಬ್ರವರಿ ೧೫ರ ಮಾರ್ಗಸೂಚಿಗಳು ಹಿಂದಿನ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿವೆ.

೮. ನಿಧಿಯೂ ಪೆಟ್ಟಿಗೆಯೂ

ಬಚ್ಚಿಟ್ಟುದನ್ನು ಹುಡುಕುವ ವಿನೋದಕ್ಕೆ ಈ ದೇಶದಲ್ಲಿ ಒಂದು ವಿಶೇಷವಾದ ವಿಘ್ನವುಂಟು. ಹಳೆಯ ಗುಡಿಯ ಬಳಿ ಏನನ್ನಾದರೂ ಅರಸುವವರನ್ನು ಕಂಡರೆ ಗ್ರಾಮಸ್ಥರು ನಿಧಿಗಳ್ಳರೆಂದು ಶಂಕಿಸುತ್ತಾರೆ. ಈ ಶಂಕೆಯು ನಿರಾಧಾರವಾದುದಲ್ಲ. ನಿಧಿಯ ಆಸೆಯಿಂದ ಗರ್ಭಗುಡಿಗಳನ್ನು ಅಗೆದು, ಲಿಂಗಗಳನ್ನು ಕಿತ್ತು, ವೀರಗಲ್ಲುಗಳನ್ನು ಉರುಳಿಸಿದ ಪ್ರಸಂಗಗಳು ಕರ್ನಾಟಕದಲ್ಲಿ ಮರುಕಳಿಸುತ್ತಲೇ ಇವೆ. ಶಾಸನದ ಕಲ್ಲೊಂದು ಒಡೆದರೆ ಒಂದು ಊರಿನ ಚರಿತ್ರೆಯ ಆಧಾರವೇ ಅಳಿಯುತ್ತದೆ. ಆದುದರಿಂದ ಪೆಟ್ಟಿಗೆಯನ್ನು ದೇವಾಲಯ, ಕೋಟೆ, ಶಾಸನಗಳ ಸಮೀಪದಲ್ಲಿ ಇಡಲಾಗದು. ಎಲ್ಲಿಯೂ ನೆಲವನ್ನು ಅಗೆದು ಹೂಳಲಾಗದು. ಭೂಮಿಯ ಒಡೆಯನನ್ನು ಕೇಳದೆ ಇಡಲಾಗದು. ಭೂಗರ್ಭದಲ್ಲಿ ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ವಸ್ತು ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕೆಂದು ೧೮೭೮ರ ನಿಧಿಶಾಸನವು ವಿಧಿಸಿರುವುದನ್ನು ಮರೆಯಲಾಗದು.

ಇಂತಹ ಸ್ಥಳಗಳಿಗೆ ಪೆಟ್ಟಿಗೆಯಿಲ್ಲದ ಪ್ರಕಾರವೇ ತಕ್ಕುದು. ಅಂಕೆಗಳನ್ನು ಕೊಟ್ಟು, ಅಲ್ಲಿಗೆ ಹೋದವನು ನೋಡಿಯೇ ಹೇಳಬಲ್ಲ ಒಂದು ಪ್ರಶ್ನೆಯನ್ನು ಕೇಳುವುದು: ಬಾಗಿಲುವಾಡದ ಮೇಲಿರುವ ಆಕೃತಿ ಯಾವುದು, ಕಂಬಗಳೆಷ್ಟು ಎಂದು. ಹೀಗಾದರೆ ಆಟವು ಆಟವಾಗಿಯೇ ಉಳಿದು, ಶಿಲ್ಪಕ್ಕೂ ಹಾನಿಯಿಲ್ಲದೆ, ಹೋದವನಿಗೆ ನೋಡುವ ಅಭ್ಯಾಸವೂ ಉಂಟಾಗುತ್ತದೆ. ಶಾಲಾ ಉಪಾಧ್ಯಾಯರು ಹುಕ್ಕೇರಿ, ಗೋಕಾಕ, ಮೂಡಲಗಿಗಳ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಬಹುದು.

೯. ಉಪಸಂಹಾರ

ಸಹ್ಯಾದ್ರಿಯ ವಿಜ್ಜಡವಿಡದವನೆಂದು ಹೇಳಿಕೊಂಡಿರುವ, ಕೆಲವರು ವಿಜಯಪುರದವನೆಂದು ಎಣಿಸುವ ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಯಂತ್ರಾಧ್ಯಾಯದಲ್ಲಿ ಶಂಕು, ಘಟಿ, ಚಕ್ರ, ಫಲಕ ಮೊದಲಾದ ಯಂತ್ರಗಳನ್ನು ಹೇಳಿ, ಕಡೆಗೆ ಅವೆಲ್ಲವುಗಳಿಗಿಂತ ಧೀಯಂತ್ರವೇ, ಎಂದರೆ ಬುದ್ಧಿಯೇ, ಮೇಲಾದುದೆಂದು ನಿರ್ಣಯಿಸಿದ್ದಾನೆ. ಯಂತ್ರಗಳನ್ನು ಅನಾದರಿಸಿದವನ ಮಾತಲ್ಲ ಇದು. ಫಲಕಯಂತ್ರವನ್ನು ಸ್ವತಃ ಕಲ್ಪಿಸಿದವನ ಮಾತು. ಹಸ್ತಯಂತ್ರವನ್ನು ಆರಿಸುವಲ್ಲಿಯೂ ಇದೇ ಕ್ರಮವನ್ನು ಹಿಡಿಯಬೇಕು. ಒಳ್ಳೆಯ ಆಕಾಶವಿದ್ದಾಗ ಕೆಲವೇ ಮೀಟರುಗಳ ಸೂಕ್ಷ್ಮತೆಯು ಇಂದಿನ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಗುಣ; ಆದ್ದರಿಂದ ಅದು ಆಯ್ಕೆಯನ್ನು ನಿರ್ಧರಿಸದು. ತೇಲುವುದು, ನೀರನ್ನು ತಡೆಯುವುದು, ಒದ್ದೆಗೈಗೆ ವಶವಾಗುವುದು, ಬ್ಯಾಟರಿಯು ಸಾಯಂಕಾಲದವರೆಗೆ ಉಳಿಯುವುದು, ಇವುಗಳಿಂದ ನಿರ್ಧಾರವಾಗತಕ್ಕದ್ದು.

ಹೀಗೆ ಆರಿಸಿದ ಯಂತ್ರದಿಂದ ವಿನೋದಕ್ಕಿಂತ ದೊಡ್ಡದಾದ ಒಂದು ಕಾರ್ಯವೂ ಸಾಧ್ಯ. ಬೇಸಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಗುಡಿಯ ನಾಲ್ಕು ಮೂಲೆಗಳನ್ನೂ, ಹಿನ್ನೀರಿನಲ್ಲಿ ಹೊರಬೀಳುವ ಕಲ್ಲುಕಟ್ಟಡಗಳ ತಳಪಾಯಗಳನ್ನೂ ಗುರುತಿಸಿ, ಅಂಕೆಯೊಡನೆ ಮೂಲಮಾನ, ದಿನಾಂಕ, ಯಂತ್ರದ ಹೆಸರು, ಯಂತ್ರವೇ ತೋರಿಸುವ ದೋಷದ ಪ್ರಮಾಣ ಇವುಗಳನ್ನು ಬರೆದಿಡಬೇಕು. ಗಳೆಯ ಹೆಸರನ್ನು ಬರೆದ ಶಾಸನಕಾರನು ತೋರಿದ ದಾರಿಯು ಇದು. ಮುಳುಗುವ ಮೊದಲು ಆ ಊರುಗಳಲ್ಲಿ ಬಾಳಿದವರು ವೃದ್ಧರಾಗಿದ್ದಾರೆ. ಇದು ಯಾರ ಮನೆಯ ಕಟ್ಟೆ, ಇದು ಯಾವ ಓಣಿ ಎಂದು ಅವರು ಹೇಳಿದುದನ್ನು ಅಂಕೆಯ ಪಕ್ಕದಲ್ಲಿ ಬರೆಯದಿದ್ದರೆ, ಸ್ಥಳವು ಸೂಕ್ಷ್ಮವಾಗಿ ತಿಳಿದೂ ಅದರ ಹೆಸರು ತಿಳಿಯದೆಹೋಗುತ್ತದೆ. ಪ್ರತಿವರ್ಷವೂ ಮುಂಗಾರಿಗೆ ಮೊದಲು ಈ ಕೆಲಸಕ್ಕೆ ದೊರೆಯುವ ಅವಕಾಶವು ಕೆಲವೇ ವಾರಗಳದು.